ಹೊಲದ ಸ್ವಾಧೀನಕ್ಕಾಗಿ ನಡೆದ ಹೊಡೆದಾಟದಲ್ಲಿ ಶಿಕ್ಷೆಯಾದಾಗ: ಕ್ರಿಮಿನಲ್ ಮೇಲ್ಮನವಿಯ ಸಮಗ್ರ ಮಾರ್ಗದರ್ಶಿ

ಬದುವಿನ ಮೇಲೆ ಆರಂಭವಾದ ಜಗಳವೊಂದು ಸೆಷನ್ಸ್ ನ್ಯಾಯಾಲಯದಲ್ಲಿ ಶಿಕ್ಷೆಯಾಗಿ ಮುಗಿದ ದಿನ, ಶಿಕ್ಷೆಗೊಳಗಾದವರ ಮನೆಯವರು ವಕೀಲರ ಕಚೇರಿಗೆ ಹಿಡಿದು ತರುವ ಮೊದಲ ಕಾಗದ ಸಾಮಾನ್ಯವಾಗಿ ಪಹಣಿಯೇ ಆಗಿರುತ್ತದೆ; ತೀರ್ಪಿನ ಪ್ರತಿ ಎಷ್ಟೋ ಸಲ ಮರುದಿನ ಬರುತ್ತದೆ. "ಜಮೀನು ನಮ್ಮ ತಂದೆಯವರ ಹೆಸರಿನಲ್ಲೇ ಇದೆ, ನೋಡಿ ಸರ್" ಎಂಬಲ್ಲಿಂದ ಮಾತು ಶುರುವಾಗುತ್ತದೆ. ಆ ಪಹಣಿಗೆ ಮೇಲ್ಮನವಿಯಲ್ಲಿ ಬೆಲೆ ಖಂಡಿತ ಇದೆ, ಆದರೆ ಅವರು ಅಂದುಕೊಂಡ ಕಾರಣಕ್ಕಲ್ಲ. ಒಡೆತನ ಯಾರದೆಂಬುದನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯದ ಕೆಲಸ. ಕ್ರಿಮಿನಲ್ ಮೇಲ್ಮನವಿಯನ್ನು ಆಲಿಸುವ ನ್ಯಾಯಾಧೀಶರು ತಿಳಿಯಬಯಸುವುದು ಘಟನೆಯ ದಿನ ಆ ತುಂಡು ನೆಲದಲ್ಲಿ ಯಾರ ಬೆಳೆ ನಿಂತಿತ್ತು, ಅಲ್ಲಿಗೆ ಯಾರು ಹೊರಗಿನಿಂದ ಬಂದರು, ಬಂದವರ ಕೈಯಲ್ಲಿ ಏನಿತ್ತು ಎಂಬುದನ್ನು. ಈ ಮೂರಕ್ಕೆ ಉತ್ತರವನ್ನು ವಿಚಾರಣಾ ನ್ಯಾಯಾಲಯದ ಕಡತದೊಳಗಿಂದಲೇ ಹುಡುಕಿ ತೆಗೆಯುವುದು ಹೇಗೆಂಬುದೇ ಈ ಬರಹದ ವಿಷಯ. ಇದು ಕರ್ನಾಟಕದ ಓದುಗರನ್ನು ಗಮನದಲ್ಲಿಟ್ಟು ಬರೆದದ್ದು. ನಿಮ್ಮ ಪ್ರಕರಣದ ಕಾಗದಗಳನ್ನು ಓದಿದ ವಕೀಲರ ಸಲಹೆಯ ಸ್ಥಾನವನ್ನು ಇದು ತುಂಬುವುದಿಲ್ಲ.

ಮೊದಲ ವಾರದ ಕೆಲಸ: ನಕಲು, ಅವಧಿ, ನ್ಯಾಯಾಲಯ

ಸೆರೆವಾಸದ ಶಿಕ್ಷೆಯಾದ ಆರೋಪಿಗೆ ತೀರ್ಪಿನ ಪ್ರತಿಯನ್ನು ತೀರ್ಪು ಹೇಳಿದ ಕೂಡಲೇ ಉಚಿತವಾಗಿ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 404 ಹೇಳುತ್ತದೆ. ಅದನ್ನು ಪಡೆದುಕೊಂಡ ಮೇಲೂ ದೃಢೀಕೃತ ನಕಲಿಗೆ ಅದೇ ದಿನ ಅರ್ಜಿ ಹಾಕುವುದು ಒಳ್ಳೆಯದು. ನಕಲಿನ ಮೇಲೆ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ ಮೊದಲಾದವನ್ನು ಮುದ್ರೆ ಹಾಕಿ ಬರೆದಿರುತ್ತಾರೆ. ನಕಲು ಪಡೆಯಲು ಹಿಡಿದ ಸಮಯವನ್ನು ಕಾಲಮಿತಿಯ ಲೆಕ್ಕದಿಂದ ಬಿಡುವಾಗ ಆ ಮುದ್ರೆಯೇ ಆಧಾರವಾಗುತ್ತದೆ.

ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಶಿಕ್ಷಿಸಿದ್ದರೆ ಮೇಲ್ಮನವಿ ಸೆಷನ್ಸ್ ನ್ಯಾಯಾಲಯಕ್ಕೆ ಹೋಗುತ್ತದೆ; ಕಾಲಮಿತಿ 30 ದಿನ. ಸೆಷನ್ಸ್ ನ್ಯಾಯಾಲಯ ಶಿಕ್ಷಿಸಿದ್ದರೆ ಅಥವಾ ಬೇರೆ ನ್ಯಾಯಾಲಯ ಏಳು ವರ್ಷಕ್ಕಿಂತ ಹೆಚ್ಚಿನ ಸೆರೆವಾಸ ವಿಧಿಸಿದ್ದರೆ ಹೈಕೋರ್ಟಿಗೆ. ಕಾಲಮಿತಿ 60 ದಿನ. ಮರಣದಂಡನೆಯಾಗಿದ್ದರೆ ಮಾತ್ರ ಹೈಕೋರ್ಟಿಗೂ 30 ದಿನವೇ. ಧಾರವಾಡ, ಬೆಳಗಾವಿ, ಹಾವೇರಿ, ಗದಗ, ಕೊಪ್ಪಳ, ಬಳ್ಳಾರಿ ಮುಂತಾದ ಜಿಲ್ಲೆಗಳ ಮೇಲ್ಮನವಿಗಳು ಧಾರವಾಡ ಪೀಠಕ್ಕೂ, ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳವು ಕಲಬುರಗಿ ಪೀಠಕ್ಕೂ, ಹಳೆ ಮೈಸೂರು ಭಾಗದವು ಬೆಂಗಳೂರಿನ ಪ್ರಧಾನ ಪೀಠಕ್ಕೂ ಹೋಗುತ್ತವೆ. ಅವಧಿ ಮೀರಿದರೆ ಬಾಗಿಲು ಮುಚ್ಚುವುದಿಲ್ಲ. ಕಾಲಮಿತಿ ಅಧಿನಿಯಮದ ಕಲಂ 5ರ ಅಡಿ ವಿಳಂಬ ಮನ್ನಾ ಅರ್ಜಿ ಸಲ್ಲಿಸಿ, ಯಾವ ದಿನ ಏಕೆ ತಡವಾಯಿತೆಂಬುದನ್ನು ಅಫಿಡವಿಟ್ಟಿನಲ್ಲಿ ಬಿಡಿಸಿ ಹೇಳಬೇಕಾಗುತ್ತದೆ.

ಜೈಲಿನಲ್ಲಿರುವವರು ಮೇಲ್ಮನವಿಯನ್ನು ಜೈಲು ಅಧಿಕಾರಿಯ ಮೂಲಕವೇ ಕಳಿಸಬಹುದು. ವಕೀಲರನ್ನು ನೇಮಿಸಿಕೊಳ್ಳುವ ಶಕ್ತಿಯಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ನೆರವು ಕೇಳಬಹುದು. ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಲೆಕ್ಕವಿಲ್ಲದೆ ಇದಕ್ಕೆ ಅರ್ಹರು. ಸಹಾಯವಾಣಿ ಸಂಖ್ಯೆ 15100. ಹೊಲ ಮಾರಿ ವಕೀಲರ ಶುಲ್ಕ ಕಟ್ಟಲು ಹೊರಡುವ ಮುನ್ನ ಈ ಸಂಖ್ಯೆಗೆ ಒಮ್ಮೆ ಕರೆ ಮಾಡುವುದು ವಾಸಿ.

ಕಲಂಗಳ ಸಂಖ್ಯೆಯ ಬಗ್ಗೆ ಒಂದು ಮಾತು. ಅಪರಾಧ ಮತ್ತು ಶಿಕ್ಷೆಗಳನ್ನು ಹೇಳುವ ಭಾರತೀಯ ನ್ಯಾಯ ಸಂಹಿತೆ, ವಿಚಾರಣೆಯ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎಂಬ ಹೊಸ ಸಂಹಿತೆಗಳು 1 ಜುಲೈ 2024ರಿಂದ ಜಾರಿಯಲ್ಲಿವೆ. ಘಟನೆ ಅದಕ್ಕೂ ಹಿಂದಿನದಾದರೆ ಅಪರಾಧದ ಕಲಂಗಳು ಭಾರತೀಯ ದಂಡ ಸಂಹಿತೆಯವೇ ಆಗಿರುತ್ತವೆ. ಆದ್ದರಿಂದ ತೀರ್ಪಿನಲ್ಲಿ 302 ಎಂದಿದ್ದರೆ ಇಂದಿನ ನ್ಯಾಯ ಸಂಹಿತೆಯ 103(1), 304 ಎಂದಿದ್ದರೆ 105, 307 ಎಂದಿದ್ದರೆ 109, 149 ಎಂದಿದ್ದರೆ 190, 34 ಎಂದಿದ್ದರೆ 3(5) ಎಂದು ಹೊಂದಿಸಿಕೊಂಡು ಓದಬೇಕು.

ಶಿಕ್ಷೆಯ ಅಮಾನತು

ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಶಿಕ್ಷೆ ನಿಲ್ಲುವುದಿಲ್ಲ. ಸುರಕ್ಷಾ ಸಂಹಿತೆಯ ಕಲಂ 430ರ (ಹಳೆಯ 389) ಅಡಿ ಪ್ರತ್ಯೇಕ ಅರ್ಜಿ ಬೇಕು. ಜಾಮೀನಿನ ಮೇಲಿದ್ದ ವ್ಯಕ್ತಿಗೆ ಮೂರು ವರ್ಷ ಮೀರದ ಶಿಕ್ಷೆಯಾಗಿದ್ದರೆ, ಮೇಲ್ಮನವಿ ಸಲ್ಲಿಸಲು ಬೇಕಾದ ಅವಧಿಗೆ ವಿಚಾರಣಾ ನ್ಯಾಯಾಲಯವೇ ಬಿಡುಗಡೆ ಮಾಡಬಹುದು. ತೀರ್ಪಿನ ದಿನವೇ ಆ ಅರ್ಜಿಯನ್ನು ಕೈಯಲ್ಲಿ ಹಿಡಿದಿರಬೇಕು. ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆ, ಜೀವಾವಧಿ, ಮರಣದಂಡನೆಯ ಪ್ರಕರಣಗಳಲ್ಲಿ ಬಿಡುಗಡೆಗೆ ಮೊದಲು ಸರ್ಕಾರಿ ಅಭಿಯೋಜಕರಿಗೆ ಲಿಖಿತವಾಗಿ ಆಕ್ಷೇಪಿಸುವ ಅವಕಾಶ ಕೊಡುವುದು ಕಡ್ಡಾಯ. ಸೀಮಿತ ಅವಧಿಯ ಶಿಕ್ಷೆಯಿದ್ದಾಗ ಇಂಥ ಅರ್ಜಿಯನ್ನು ಉದಾರವಾಗಿ ಪರಿಗಣಿಸಬೇಕೆಂದು 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜೀವಾವಧಿಯಲ್ಲಿ ಆ ಉದಾರತೆ ಇರುವುದಿಲ್ಲ. ತೀರ್ಪಿನಲ್ಲಿ ಮೇಲ್ನೋಟಕ್ಕೇ ಕಾಣುವ ದೋಷವನ್ನು ತೋರಿಸಬೇಕಾಗುತ್ತದೆ. ಇಂಥ ಪ್ರಕರಣಗಳಲ್ಲಿ ಹಾಗೆ ತೋರಿಸಲು ಸುಲಭವಾಗಿ ಸಿಗುವವು ಎರಡು: ಆರೋಪಿಗಳ ಮೈಮೇಲಿನ ಗಾಯಗಳಿಗೆ ವಿವರಣೆಯಿಲ್ಲದಿರುವುದು, ಮತ್ತು ಗುಂಪಿನಲ್ಲಿ ಸುಮ್ಮನೆ ನಿಂತಿದ್ದರೆನ್ನಲಾದವರಿಗೂ ಹೊಡೆದವರಷ್ಟೇ ಶಿಕ್ಷೆಯಾಗಿರುವುದು. ದಂಡದ ಮೊತ್ತದ ವಸೂಲಾತಿಯನ್ನೂ ತಡೆಹಿಡಿಯಬೇಕೆಂದು ಅರ್ಜಿಯಲ್ಲೇ ಕೋರಿರಬೇಕು, ಇದನ್ನು ಮರೆಯುವವರು ಬಹಳ.

ಬಿಡುಗಡೆಯಾಗಿ ಊರಿಗೆ ಬಂದವರು ವ್ಯಾಜ್ಯದ ಹೊಲಕ್ಕೆ ಕಾಲಿಡುವ ಮುನ್ನ ಬಿಡುಗಡೆ ಆದೇಶದ ಷರತ್ತುಗಳನ್ನು ಇನ್ನೊಬ್ಬರಿಂದ ಓದಿಸಿ ಕೇಳಿಕೊಳ್ಳಬೇಕು. ಸುಗ್ಗಿಯ ದಿನ ಮತ್ತೊಂದು ದೂರು ದಾಖಲಾದರೆ ಆರು ತಿಂಗಳ ಓಡಾಟ ಒಂದೇ ಮಧ್ಯಾಹ್ನದಲ್ಲಿ ನೀರುಪಾಲಾಗುತ್ತದೆ.

ಕಡತವನ್ನು ಓದುವ ಕ್ರಮ

ನಾನು ತೀರ್ಪನ್ನು ಕೊನೆಗೆ ಓದುತ್ತೇನೆ. ಮೊದಲು ತೀರ್ಪನ್ನೇ ಓದಿದರೆ ನ್ಯಾಯಾಧೀಶರು ಕಟ್ಟಿದ ಕಥೆಯ ಕಣ್ಣಿನಿಂದಲೇ ಸಾಕ್ಷ್ಯವನ್ನು ನೋಡುವ ಅಪಾಯವಿದೆ. ಪ್ರಥಮ ವರ್ತಮಾನ ವರದಿ, ಸ್ಥಳ ಮಹಜರು, ಸ್ಥಳದ ನಕ್ಷೆ, ಗಾಯದ ಪ್ರಮಾಣಪತ್ರಗಳು, ಮರಣೋತ್ತರ ಪರೀಕ್ಷೆಯ ವರದಿ, ಆಮೇಲೆ ಸಾಕ್ಷಿಗಳ ಹೇಳಿಕೆ, ಕೊನೆಗೆ ತೀರ್ಪು ಎಂಬ ಕ್ರಮ ನನಗೆ ಹಿಡಿಸಿದೆ.

ವರ್ತಮಾನ ವರದಿಯಲ್ಲಿ ನೋಡಬೇಕಾದ್ದು ಬರೀ ಒಕ್ಕಣೆಯನ್ನಲ್ಲ. ದೂರು ಕೊಟ್ಟ ಗಂಟೆ, ಅದು ಮ್ಯಾಜಿಸ್ಟ್ರೇಟರ ಕೈ ಸೇರಿದ ಗಂಟೆ ಎರಡೂ ಅದರ ಮೇಲಿರುತ್ತವೆ. ಬೆಳಿಗ್ಗೆ ಎಂಟಕ್ಕೆ ದಾಖಲಾಯಿತೆನ್ನಲಾದ ವರದಿ ಹತ್ತು ಕಿಲೋಮೀಟರ್ ದೂರದ ಮ್ಯಾಜಿಸ್ಟ್ರೇಟರನ್ನು ರಾತ್ರಿ ಹತ್ತಕ್ಕೆ ತಲುಪಿದ್ದರೆ, ನಡುವಿನ ಹೊತ್ತಿನಲ್ಲಿ ಆರೋಪಿಗಳ ಪಟ್ಟಿ ಬೆಳೆಯಿತೇ ಎಂಬ ಪ್ರಶ್ನೆ ನ್ಯಾಯವಾಗಿಯೇ ಏಳುತ್ತದೆ. ಹೊಲದ ಜಗಳಗಳಲ್ಲಿ ಅಣ್ಣ ತಮ್ಮಂದಿರನ್ನೆಲ್ಲ ಸೇರಿಸಿಬಿಡುವ ರೂಢಿ ಇರುವುದರಿಂದ ಈ ಪ್ರಶ್ನೆಗೆ ತೂಕ ಹೆಚ್ಚು.

ಸ್ಥಳ ಮಹಜರಿನ ಮಹತ್ವವನ್ನು ಒಂದು ಕಲ್ಪಿತ ಪ್ರಕರಣದಿಂದ ತೋರಿಸುತ್ತೇನೆ. ಹದಿನಾಲ್ಕು ಗುಂಟೆಯ ಒಂದು ಪಟ್ಟಿ ನೆಲಕ್ಕಾಗಿ ಎರಡು ಮನೆತನಗಳ ನಡುವೆ ವ್ಯಾಜ್ಯ. ಒಂದು ಬೆಳಿಗ್ಗೆ ಹೊಡೆದಾಟವಾಗಿ ಒಬ್ಬರು ಸತ್ತಿದ್ದಾರೆ. ಪ್ರಾಸಿಕ್ಯೂಷನ್ ಪ್ರಕಾರ ಜಮೀನು ಮೃತರ ಸ್ವಾಧೀನದಲ್ಲಿತ್ತು, ಅವರು ಟ್ರ್ಯಾಕ್ಟರಿನಿಂದ ಉಳುತ್ತಿದ್ದಾಗ ಆರೋಪಿಗಳು ಬಂದು ಮಚ್ಚಿನಿಂದ ಹೊಡೆದರು. ಮಹಜರಿನಲ್ಲಿ ಪೊಲೀಸರೇ ಬರೆದ ಸಾಲು ಹೀಗಿದೆ: ಪೂರ್ವದ ಬದುವಿನಿಂದ ಇಪ್ಪತ್ತು ಅಡಿ ಅಗಲಕ್ಕೆ ಹೊಸದಾಗಿ ಉತ್ತ ಗುರುತು, ಮಣ್ಣಿನಲ್ಲಿ ಮಗುಚಿ ಬಿದ್ದ ಹಸಿ ರಾಗಿ ಪೈರು, ಉಳಿದ ಭಾಗದಲ್ಲಿ ಮೊಣಕಾಲೆತ್ತರದ ರಾಗಿ. ವಿಚಾರಣಾ ನ್ಯಾಯಾಲಯ ಈ ಸಾಲನ್ನು ರಕ್ತದ ಕಲೆ ಸಿಕ್ಕ ಜಾಗವನ್ನು ಗುರುತಿಸಲು ಮಾತ್ರ ಬಳಸಿದೆ. ಆದರೆ ಮೊಣಕಾಲೆತ್ತರಕ್ಕೆ ಬಂದ ತನ್ನದೇ ರಾಗಿಯನ್ನು ಯಾವ ರೈತ ತಾನೇ ಉತ್ತು ಹಾಕುತ್ತಾನೆ? ಟ್ರ್ಯಾಕ್ಟರ್ ತಂದದ್ದು ಮೃತರ ಕಡೆಯವರೆಂದು ಸಾಕ್ಷಿಗಳೇ ಒಪ್ಪಿರುವಾಗ, ಬಿತ್ತಿದವರು ಇನ್ನೊಂದು ಕಡೆಯವರು ಎಂಬ ತೀರ್ಮಾನಕ್ಕೆ ಪ್ರಾಸಿಕ್ಯೂಷನ್ನಿನ ಸ್ವಂತ ದಾಖಲೆಯೇ ದಾರಿ ಮಾಡಿಕೊಡುತ್ತದೆ. ಇಡೀ ಮೇಲ್ಮನವಿ ಕೆಲವೊಮ್ಮೆ ಇಂಥ ಒಂದು ಸಾಲಿನ ಮೇಲೆ ನಿಲ್ಲುತ್ತದೆ.

ಸಾಕ್ಷಿಗಳ ಹೇಳಿಕೆಗೆ ಒಂದು ದೊಡ್ಡ ಹಾಳೆಯಲ್ಲಿ ಪಟ್ಟಿ ಮಾಡಿಕೊಳ್ಳಿ. ಎಡಗಡೆ ಸಾಕ್ಷಿಯ ಹೆಸರು. ಮುಂದೆ ಆತ ಎಲ್ಲಿ ನಿಂತಿದ್ದ, ಯಾವ ಆರೋಪಿ ಯಾವ ಆಯುಧದಿಂದ ದೇಹದ ಯಾವ ಭಾಗಕ್ಕೆ ಹೊಡೆದ ಎಂದ, ಪೊಲೀಸರ ಮುಂದೆ ಇದನ್ನೇ ಹೇಳಿದ್ದನೇ, ಪಾಟೀ ಸವಾಲಿನಲ್ಲಿ ಏನು ಒಪ್ಪಿಕೊಂಡ, ವೈದ್ಯರ ವರದಿ ಏನು ಹೇಳುತ್ತದೆ ಎಂಬ ಅಂಕಣಗಳು. ಮಚ್ಚಿನ ಬಾಯಿಯಿಂದ ತಲೆಗೆ ಹೊಡೆದ ಎಂದು ಸಾಕ್ಷಿ ಹೇಳಿ, ವೈದ್ಯರು ಹರಿದ ಗಾಯ ಎಂದು ಬರೆದಿದ್ದರೆ ಅದನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿ. ಕತ್ತರಿಸಿದ ಗಾಯ ಹರಿತವಾದ ಆಯುಧದ್ದು, ಹರಿದ ಗಾಯ ಸಾಮಾನ್ಯವಾಗಿ ಮೊಂಡು ವಸ್ತುವಿನದ್ದು. ಪೊಲೀಸ್ ಹೇಳಿಕೆಯಲ್ಲಿ ಇಲ್ಲದ್ದನ್ನು ಸಾಕ್ಷಿ ನ್ಯಾಯಾಲಯದಲ್ಲಿ ಸೇರಿಸಿದ್ದರೆ, ಆ ಲೋಪವನ್ನು ಸಾಕ್ಷಿಗೆ ತೋರಿಸಿ ತನಿಖಾಧಿಕಾರಿಯ ಬಾಯಿಂದ ರುಜುವಾತು ಮಾಡಿಸಲಾಗಿದೆಯೇ ನೋಡಿ. ಮಾಡಿಸದಿದ್ದರೆ ಮೇಲ್ಮನವಿಯಲ್ಲಿ ಅದನ್ನು ಎತ್ತಿ ಹಿಡಿಯುವುದು ಕಷ್ಟ.

ಸಾಕ್ಷಿಗಳೆಲ್ಲ ಸಂಬಂಧಿಕರು ಎಂಬ ವಾದಕ್ಕೆ ಪುಟಗಟ್ಟಲೆ ಖರ್ಚು ಮಾಡಬೇಡಿ. ಹೊಲದಲ್ಲಿ ಬೆಳಿಗ್ಗೆ ಮನೆಯವರಲ್ಲದೆ ಮತ್ತಾರು ಇರುತ್ತಾರೆ? ಸಂಬಂಧಿ ಎಂಬ ಒಂದೇ ಕಾರಣಕ್ಕೆ ಸಾಕ್ಷ್ಯವನ್ನು ತಳ್ಳಿಹಾಕುವಂತಿಲ್ಲವೆಂಬುದು ನೆಲೆನಿಂತ ಕಾನೂನು, ಗಾಯಗೊಂಡ ಸಾಕ್ಷಿಗಂತೂ ಹೆಚ್ಚಿನ ಮರ್ಯಾದೆಯಿದೆ.

ಆರೋಪಿಗಳ ಗಾಯಗಳನ್ನು ಬೇರೆಯಾಗಿಯೇ ಹುಡುಕಬೇಕು. ಅವು ಹೆಚ್ಚಾಗಿ ಈ ಕಡತದಲ್ಲಿ ಇರುವುದಿಲ್ಲ. ಬಂಧನದ ಕಾಲದ ವೈದ್ಯಕೀಯ ತಪಾಸಣೆಯಲ್ಲೋ ಆರೋಪಿಗಳು ಕೊಟ್ಟ ಪ್ರತಿದೂರಿನ ಕಡತದಲ್ಲೋ ಇರುತ್ತವೆ. ಅದೇ ಹೊಡೆದಾಟದಲ್ಲಿ ಆರೋಪಿಗೂ ಗಂಭೀರ ಗಾಯಗಳಾಗಿದ್ದು ಪ್ರಾಸಿಕ್ಯೂಷನ್ ಅವನ್ನು ವಿವರಿಸದಿದ್ದರೆ, ಅದು ಘಟನೆಯ ಮೂಲವನ್ನೇ ಮುಚ್ಚಿಟ್ಟಿದೆ ಎಂದು ಭಾವಿಸಲು ಅವಕಾಶವಿದೆಯೆಂದು 1976ರ ಲಕ್ಷ್ಮೀ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತರಚು ಗಾಯಗಳಿಗೆ ಈ ಮಾತು ಅನ್ವಯಿಸದು. ದೂರು ಮತ್ತು ಪ್ರತಿದೂರು ಎರಡರಲ್ಲೂ ದೋಷಾರೋಪ ಪಟ್ಟಿ ಸಲ್ಲಿಕೆಯಾಗಿದ್ದರೆ ಎರಡನ್ನೂ ಒಬ್ಬರೇ ನ್ಯಾಯಾಧೀಶರು ಒಂದರ ಹಿಂದೊಂದರಂತೆ ವಿಚಾರಿಸಿ, ಒಂದರ ಸಾಕ್ಷ್ಯವನ್ನು ಇನ್ನೊಂದಕ್ಕೆ ಬೆರೆಸದೆ ತೀರ್ಪು ಕೊಡಬೇಕು. ಹಾಗೆ ನಡೆದಿದೆಯೇ ಎಂಬುದನ್ನೂ ಪರೀಕ್ಷಿಸಿ.

ಸ್ವಾಧೀನವನ್ನು ಕಟ್ಟುವ ಬಗೆ

ಪಹಣಿಯ 9ನೇ ಕಾಲಂ ಖಾತೆದಾರರ ಹೆಸರನ್ನೂ 12ನೇ ಕಾಲಂ ಸಾಗುವಳಿದಾರರನ್ನೂ ಬೆಳೆಯನ್ನೂ ಹೇಳುತ್ತದೆ. ಮನೆಯವರು ತೋರಿಸುವುದು ಒಂಬತ್ತನ್ನು, ವಕೀಲರಿಗೆ ಬೇಕಾದ್ದು ಹನ್ನೆರಡು. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಕಲಂ 133ರ ಪ್ರಕಾರ ಹಕ್ಕು ದಾಖಲೆಯ ನಮೂದನ್ನು ಬೇರೆ ರೀತಿ ರುಜುವಾತಾಗುವವರೆಗೆ ಸರಿಯೆಂದೇ ಭಾವಿಸಬೇಕು. ಆದರೆ ಪಹಣಿ ಇಡೀ ಸರ್ವೆ ನಂಬರಿನ ಮಾತನ್ನಾಡುತ್ತದೆ, ಜಗಳ ನಡೆದದ್ದು ಅದರೊಳಗಿನ ಹದಿನಾಲ್ಕು ಗುಂಟೆಯಲ್ಲಿ. ಪೋಡಿ (ಪಾಲುಗಳನ್ನು ಅಳೆದು ಬೇರ್ಪಡಿಸುವುದು) ಆಗದ ಜಮೀನಿನಲ್ಲಿ ನಾಲ್ವರ ಹೆಸರು ಒಟ್ಟಿಗಿದ್ದು, ಯಾರ ಪಾಲು ಎಲ್ಲಿದೆಯೆಂಬುದು ಊರಿನವರ ನೆನಪಿನಲ್ಲಿ ಮಾತ್ರ ಇರುತ್ತದೆ. ಅಂಥಲ್ಲಿ ಗಡಿ ಗುರುತಿಸಿದ ಹದ್ದುಬಸ್ತು ನಕ್ಷೆ, ಸರ್ವೆ ಅಳತೆಯ ಟಿಪ್ಪಣಿ, ಸಿವಿಲ್ ದಾವೆಯ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿಗಳ ವಿವರ), ಘಟನೆಯ ದಿನ ಜಾರಿಯಲ್ಲಿದ್ದ ತಡೆಯಾಜ್ಞೆ ಇವುಗಳನ್ನು ಪಹಣಿಯ ಪಕ್ಕದಲ್ಲಿಟ್ಟು ಓದಬೇಕು.

ನೆಲೆನಿಂತ ಸ್ವಾಧೀನ ಎಂದರೇನೆಂಬುದನ್ನು ಸುಪ್ರೀಂ ಕೋರ್ಟ್ 1975ರ ಪೂರಣ್ ಸಿಂಗ್ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ಸ್ವಾಧೀನ ಸಾಕಷ್ಟು ಕಾಲದ್ದಾಗಿರಬೇಕು, ಮಾಲೀಕನಿಗೆ ತಿಳಿದಿರಬೇಕು ಅಥವಾ ಕದ್ದುಮುಚ್ಚಿ ಪಡೆದದ್ದಾಗಿರಬಾರದು, ಮಾಲೀಕ ಅದನ್ನು ಸಹಿಸಿಕೊಂಡು ಬಂದಿರಬೇಕು. ಸಾಗುವಳಿ ಜಮೀನಿಗೆ ಹಾಕುವ ಒರೆಗಲ್ಲು ಬೆಳೆ: ಸ್ವಾಧೀನಕ್ಕೆ ಬಂದವನು ಬೆಳೆ ಇಟ್ಟಿದ್ದರೆ, ನಿಜವಾದ ಮಾಲೀಕನಿಗೂ ಆ ಬೆಳೆಯನ್ನು ನಾಶ ಮಾಡಿ ಬಲವಂತವಾಗಿ ಒಳನುಗ್ಗುವ ಹಕ್ಕಿಲ್ಲ. ಅದೇ ನಿಲುವನ್ನು ಸಿವಿಲ್ ಸಂದರ್ಭದಲ್ಲಿ, ಕರ್ನಾಟಕದಿಂದಲೇ ಹೋದ ರಾಮೇಗೌಡ ಪ್ರಕರಣದಲ್ಲಿ, 2003ರ ಡಿಸೆಂಬರಿನಲ್ಲಿ ಮತ್ತೆ ಎತ್ತಿ ಹಿಡಿಯಲಾಯಿತು. ಇದು ಎರಡೂ ಕಡೆ ಕೊಯ್ಯುವ ಕತ್ತಿ. ಖಾತೆ ನಿಮ್ಮದಾಗಿದ್ದು ಬೆಳೆ ಅವರದಾಗಿದ್ದರೆ, ಪಹಣಿಯ 9ನೇ ಕಾಲಂ ನಿಮ್ಮನ್ನು ಕಾಪಾಡದು.

ಆತ್ಮರಕ್ಷಣೆಯ ವಾದದ ಅಳತೆ

ಸ್ವಾಧೀನ ರುಜುವಾತಾದರೆ ಖುಲಾಸೆಯಾಯಿತೆಂದು ತಿಳಿಯುವುದು ಇಲ್ಲಿ ನಡೆಯುವ ದೊಡ್ಡ ತಪ್ಪು. ಬೇಸಾಯದ ನೆಲಕ್ಕೆ ಅತಿಕ್ರಮವಾಗಿ ಬಂದವರನ್ನು ತಡೆಯಲು ಅಗತ್ಯವಿದ್ದಷ್ಟು ಬಲ ಬಳಸಬಹುದು, ಆದರೆ ಬರೀ ಅತಿಕ್ರಮ ಪ್ರವೇಶಕ್ಕಾಗಿ ಪ್ರಾಣ ತೆಗೆಯುವ ಹಕ್ಕನ್ನು ನ್ಯಾಯ ಸಂಹಿತೆಯ ಕಲಂ 41 ಮತ್ತು 42 (ಹಳೆಯ 103 ಮತ್ತು 104) ಕೊಡುವುದಿಲ್ಲ. ಪ್ರಾಣಹಾನಿಯಾಗಿದ್ದರೆ ವಾದ ನೆಲದಿಂದ ದೇಹಕ್ಕೆ ಸಾಗಲೇಬೇಕು: ಬಂದವರು ಆಯುಧ ಎತ್ತಿದರೇ, ಸಾವು ಅಥವಾ ತೀವ್ರ ಗಾಯವಾದೀತೆಂಬ ಸಕಾರಣ ಭಯ ಹುಟ್ಟಿತ್ತೇ ಎಂಬುದು ಕಲಂ 38ರ ಪ್ರಶ್ನೆ. ಆರೋಪಿಗಳ ಗಾಯಗಳನ್ನು ಹುಡುಕಬೇಕೆಂದು ಒತ್ತಿ ಹೇಳಿದ್ದು ಇದಕ್ಕೇ. ಪೊಲೀಸರ ಅಥವಾ ತಹಶೀಲ್ದಾರರ ಮೊರೆ ಹೋಗಲು ಸಮಯವಿದ್ದರೆ ಆ ಹಕ್ಕು ಇರುವುದಿಲ್ಲ ಎಂಬ ಕಲಂ 37ರ ಮಿತಿಯನ್ನು ಅಭಿಯೋಜಕರು ಖಂಡಿತ ಎತ್ತುತ್ತಾರೆ. ಹಿಂದಿನ ದಿನವೇ ಬೆದರಿಕೆಯ ಬಗ್ಗೆ ಠಾಣೆಗೆ ಕೊಟ್ಟ ಅರ್ಜಿಯ ಸ್ವೀಕೃತಿ ಇದ್ದರೆ ಅದಕ್ಕೆ ಅದೇ ಉತ್ತರ.

ವಿಚಾರಣೆಯಲ್ಲಿ ಆರೋಪಿ ಎಲ್ಲವನ್ನೂ ಅಲ್ಲಗಳೆದು "ನಾನು ಅಲ್ಲಿರಲೇ ಇಲ್ಲ" ಎಂದಿದ್ದರೂ, ಪ್ರಾಸಿಕ್ಯೂಷನ್ ಸಾಕ್ಷ್ಯದಿಂದಲೇ ಆತ್ಮರಕ್ಷಣೆ ಹೊಮ್ಮುತ್ತಿದ್ದರೆ ನ್ಯಾಯಾಲಯ ಅದನ್ನು ಪರಿಗಣಿಸಬೇಕು, ಮತ್ತು ಸಂಭಾವ್ಯತೆಯ ಮಟ್ಟಿಗೆ ತೋರಿಸಿದರೆ ಸಾಕು. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಈ ತತ್ವಗಳು ಒಂದೆಡೆ ಸಿಗುತ್ತವೆ. ಹಕ್ಕು ಇತ್ತು, ಆದರೆ ಮಿತಿ ಮೀರಿತು ಎಂದು ಕಂಡರೆ ಕೊಲೆಯ ವ್ಯಾಖ್ಯೆಯ ಎರಡನೆಯ ವಿನಾಯಿತಿ, ಪೂರ್ವಯೋಜನೆಯಿಲ್ಲದ ಹಠಾತ್ ಜಗಳವಾಗಿದ್ದರೆ ನಾಲ್ಕನೆಯ ವಿನಾಯಿತಿ ಅನ್ವಯವಾಗಿ ಅಪರಾಧ ಕೊಲೆಯ ಕಲಂ 103ರಿಂದ ಕೊಲೆಯಲ್ಲದ ನರಹತ್ಯೆಯ ಕಲಂ 105ಕ್ಕೆ ಇಳಿಯುತ್ತದೆ. ಖುಲಾಸೆಯ ಕೋರಿಕೆಯ ಜೊತೆಗೆ ಈ ಪರ್ಯಾಯ ಕೋರಿಕೆಯನ್ನೂ ಬರೆಯಲು ಕಕ್ಷಿದಾರರು ಹಿಂಜರಿಯುತ್ತಾರೆ, ತಪ್ಪೊಪ್ಪಿಕೊಂಡಂತಾಗುತ್ತದೆ ಎಂಬ ಅಳುಕು ಅವರಿಗೆ. ಹಾಗೇನೂ ಆಗುವುದಿಲ್ಲ, ಪರ್ಯಾಯವನ್ನು ಬಿಡುವುದರಿಂದ ಆಗುವ ನಷ್ಟವೇ ದೊಡ್ಡದು.

ಗುಂಪಿನ ಹೊಣೆ

ಐದು ಅಥವಾ ಹೆಚ್ಚು ಜನರ ಕಾನೂನುಬಾಹಿರ ಕೂಟವೆಂದು ಎಲ್ಲರನ್ನೂ ಶಿಕ್ಷಿಸಿದ್ದರೆ, ಕೂಟದ ಉದ್ದೇಶವೇನೆಂದು ತೀರ್ಪು ಹೇಳಿದೆಯೋ ನೋಡಿ. ಬಲಪ್ರಯೋಗದಿಂದ ಸ್ವತ್ತಿನ ಸ್ವಾಧೀನ ಪಡೆಯುವುದು, ದಾರಿ ಅಥವಾ ನೀರಿನ ಬಳಕೆಯನ್ನು ತಪ್ಪಿಸುವುದು ನ್ಯಾಯ ಸಂಹಿತೆಯ ಕಲಂ 189ರಲ್ಲಿ (ಹಳೆಯ 141) ಹೆಸರಿಸಿದ ಉದ್ದೇಶಗಳು. ಇರುವ ಸ್ವಾಧೀನವನ್ನು ಉಳಿಸಿಕೊಳ್ಳಲು ನಿಂತವರು ಈ ಮಾತಿನ ಅಡಿ ಬರುವುದಿಲ್ಲ. ಆರೋಪಿಗಳೂ ಸಾಕ್ಷಿಗಳೂ ಬಹಳ ಮಂದಿ ಇದ್ದಾಗ ಎರಡು ಮೂರು ಸಾಕ್ಷಿಗಳು ಒಂದೇ ರೀತಿ ಹೆಸರಿಸಿದವರನ್ನು ಮಾತ್ರ ಶಿಕ್ಷಿಸುವ ಅಳತೆಗೋಲನ್ನು 1964ರ ಮಸಾಲ್ತಿ ಪ್ರಕರಣ ಒಪ್ಪಿಕೊಂಡಿದೆ. ನಿಮ್ಮ ಪಟ್ಟಿಯ ಅಂಕಣಗಳು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತವೆ.

ಆಧಾರಗಳ ಬರವಣಿಗೆ, ಹೊಸ ಸಾಕ್ಷ್ಯ, ವಿಚಾರಣೆ

"ತೀರ್ಪು ಕಾನೂನಿಗೂ ಸಾಕ್ಷ್ಯಕ್ಕೂ ವಿರುದ್ಧವಾಗಿದೆ" ಎಂಬ ಸಾಲಿನಿಂದ ಶುರುವಾಗುವ ಮೇಲ್ಮನವಿಗಳು ಸಾವಿರ. ಅದರಿಂದ ನಷ್ಟವಿಲ್ಲ, ಲಾಭವೂ ಇಲ್ಲ. ಪ್ರತಿ ಆಧಾರವೂ ಸಾಕ್ಷಿಯ ಸಂಖ್ಯೆ, ನಿಶಾನೆಯ (ನ್ಯಾಯಾಲಯ ಗುರುತು ಹಾಕಿದ ದಾಖಲೆಯ) ಸಂಖ್ಯೆ, ತೀರ್ಪಿನ ಪ್ಯಾರಾ ಮೂರನ್ನೂ ಹಿಡಿದಿರಲಿ. ಆರೋಪಿಯ ವಿರುದ್ಧ ಬಳಸಿದ ಯಾವುದಾದರೂ ಸಂಗತಿಯನ್ನು ಸುರಕ್ಷಾ ಸಂಹಿತೆಯ ಕಲಂ 351ರ (ಹಳೆಯ 313) ಹೇಳಿಕೆಯ ವೇಳೆ ಆತನಿಗೆ ಕೇಳಿಯೇ ಇಲ್ಲವೆಂದರೆ ಅದೂ ಒಂದು ಪ್ರತ್ಯೇಕ ಆಧಾರ.

ವಿಚಾರಣೆಯಲ್ಲಿ ಹಾಜರಾಗದ ಪಹಣಿ, ತಡೆಯಾಜ್ಞೆ, ಪ್ರತಿದೂರಿನ ಗಾಯದ ಪ್ರಮಾಣಪತ್ರ ಇವನ್ನು ವಾದದ ದಿನ ನ್ಯಾಯಾಧೀಶರ ಕೈಗಿಡುವಂತಿಲ್ಲ. ಸುರಕ್ಷಾ ಸಂಹಿತೆಯ ಕಲಂ 432ರ (ಹಳೆಯ 391) ಅಡಿ ಹೆಚ್ಚುವರಿ ಸಾಕ್ಷ್ಯಕ್ಕೆ ಅರ್ಜಿ ಸಲ್ಲಿಸಿ, ಅದು ಹಿಂದೆ ಏಕೆ ಬರಲಿಲ್ಲ, ನ್ಯಾಯಕ್ಕೆ ಏಕೆ ಅವಶ್ಯ ಎಂದು ತಿಳಿಸಬೇಕು. ಸರ್ಕಾರ ಪ್ರತ್ಯೇಕವಾಗಿ ಮೇಲ್ಮನವಿ ಹೂಡದಿದ್ದರೆ, ಆರೋಪಿಯ ಮೇಲ್ಮನವಿಯಲ್ಲಿ ಶಿಕ್ಷೆಯನ್ನು ಹೆಚ್ಚಿಸುವಂತಿಲ್ಲ ಎಂಬುದನ್ನು ಹೆದರಿದ ಕಕ್ಷಿದಾರರಿಗೆ ಹೇಳಬೇಕಾಗುತ್ತದೆ.

ಮೇಲ್ಮನವಿ ಬಾಕಿಯಿರುವಾಗ ಊರಿನಲ್ಲಿ ರಾಜಿ ಪಂಚಾಯಿತಿ ನಡೆಯುವುದು ಸಾಮಾನ್ಯ. ಸಾಧಾರಣ ಗಾಯದಂಥ ರಾಜಿಯಾಗಬಲ್ಲ ಅಪರಾಧವನ್ನು ಮೇಲ್ಮನವಿ ನ್ಯಾಯಾಲಯದ ಅನುಮತಿ ಪಡೆದು ಮುಗಿಸಬಹುದು. ಕೊಲೆ, ಕೊಲೆಯತ್ನಗಳಿಗೆ ಆ ದಾರಿಯಿಲ್ಲ. ಜಮೀನು ಬಿಟ್ಟುಕೊಟ್ಟರೆ ಕೇಸು ಬಿದ್ದುಹೋಗುತ್ತದೆಂದು ನಂಬಿಸಿ ಕ್ರಯಪತ್ರ ಬರೆಸಿಕೊಂಡ ನಿದರ್ಶನಗಳನ್ನು ಕಂಡಿದ್ದೇನೆ. ನೆಲವೂ ಹೋಯಿತು, ಶಿಕ್ಷೆಯೂ ಉಳಿಯಿತು.

ಎದುರು ಕಡೆಯವರು ಖುಲಾಸೆಯಾದಾಗ

ಗಾಯಗೊಂಡವರು ಅಥವಾ ಮೃತರ ವಾರಸುದಾರರು ಸರ್ಕಾರದ ದಾರಿ ಕಾಯಬೇಕಾಗಿಲ್ಲ. ಖುಲಾಸೆ, ಕಡಿಮೆ ಅಪರಾಧಕ್ಕೆ ಶಿಕ್ಷೆ, ಸಾಕಾಗದಷ್ಟು ಕಡಿಮೆ ಪರಿಹಾರ ಈ ಮೂರರ ವಿರುದ್ಧ ಸುರಕ್ಷಾ ಸಂಹಿತೆಯ ಕಲಂ 413ರ (ಹಳೆಯ 372) ಪರಂತುಕದ (ಕಲಮಿಗೆ ಸೇರಿಸಿದ ವಿಶೇಷ ಮಾತಿನ) ಅಡಿ ಅವರೇ ಮೇಲ್ಮನವಿ ಹೂಡಬಹುದು. ಶಿಕ್ಷೆಯ ಪ್ರಮಾಣ ಕಡಿಮೆಯಾಯಿತು ಎಂಬ ಒಂದೇ ಕಾರಣಕ್ಕೆ ಹೂಡುವಂತಿಲ್ಲ. ಖುಲಾಸೆಯ ವಿರುದ್ಧ ಸರ್ಕಾರಕ್ಕೆ ಹೈಕೋರ್ಟಿನ ಅನುಮತಿ ಬೇಕು, ಸಂತ್ರಸ್ತರಿಗೆ ಬೇಡವೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ಹೇಳಿತು. ಆ ಪ್ರಕರಣವೂ ಕರ್ನಾಟಕದ್ದೇ. ಆದರೆ ಕೆಲಸ ಹಗುರವಲ್ಲ. 2007ರ ಚಂದ್ರಪ್ಪ ಪ್ರಕರಣದ ಪ್ರಕಾರ ಮೇಲ್ಮನವಿ ನ್ಯಾಯಾಲಯ ಇಡೀ ಸಾಕ್ಷ್ಯವನ್ನು ಮರುಪರಿಶೀಲಿಸಬಹುದಾದರೂ, ಖುಲಾಸೆಯಿಂದ ನಿರ್ದೋಷಿತ್ವದ ಭಾವನೆ ಇಮ್ಮಡಿಯಾಗಿರುತ್ತದೆ, ಎರಡು ಅಭಿಪ್ರಾಯಗಳು ಸಾಧ್ಯವಿದ್ದಲ್ಲಿ ಖುಲಾಸೆಯನ್ನು ಕದಲಿಸುವಂತಿಲ್ಲ. ಆದ್ದರಿಂದ ಸಂತ್ರಸ್ತರ ಪರವಾಗಿ ಬರೆಯುವವರೂ ಅದೇ ಮಹಜರನ್ನು ತೆರೆದು, ಉತ್ತ ಸಾಲು ಯಾವ ಬದುವಿನಿಂದ ಯಾವ ಕಡೆಗೆ ಹೋಗಿದೆ, ಮಗುಚಿದ ಪೈರು ಯಾರು ಬಿತ್ತಿದ್ದು ಎಂಬಲ್ಲಿಂದಲೇ ಆರಂಭಿಸಬೇಕಾಗುತ್ತದೆ.